ಕೌದಿಯ ಹಿಂಬದಿಯವರಿಗೆ

ಕಳೆದ ಭಾನುವಾರ ಸಂಜೆ ಹತ್ತು ಕೌದಿಗಳನ್ನು, ಅಂದರೆ ಹಳೆಯ ಬಟ್ಟೆಯ ಪದರಗಳನ್ನು ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆಗಳನ್ನು, ಗೋಡೆಯಿಂದ ಇಳಿಸಿ, ಮಡಚಿ, ಆಟೋದಲ್ಲಿ ಹೇರಿಕೊಂಡು ಧಾರವಾಡದ ಮಾಳಮಡ್ಡಿಯ ನನ್ನ ಕೋಣೆಗೆ ಬಂದೆ. ಪ್ರದರ್ಶನಕ್ಕೆ ಹೋಗಿದ್ದು ಹನ್ನೊಂದು. ಹನ್ನೊಂದನೆಯದು ಎಲ್ಲಿ ಹೋಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಬಾಗಿಲ ಬಳಿಯ ಫಲಕದಲ್ಲಿ ಒಂದೇ ಹೆಸರಿತ್ತು, ನನ್ನದು. ಅದು ಸರಿಯಲ್ಲ ಎಂದು ಮೊದಲ ದಿನವೇ ಅನ್ನಿಸಿತ್ತು. ಆದರೆ ಉಳಿದವರ ಹೆಸರು ಬರೆಸಲು ಹೋದರೆ ಅವರೇ ಒಪ್ಪಲಿಲ್ಲ. ನನಗೆ ಸೂಜಿ ಹಿಡಿಯಲು ಕಲಿಸಿದ ಕೌದಿ ಅವ್ವ, ‘ನನ್ನ ಹೆಸರು ಗೋಡೆಗೆ ಬಿದ್ದರೆ ಸಂಘದ ಸಾಲ ವಸೂಲಿಯವರು ನನ್ನ ಹತ್ತಿರ ದುಡ್ಡು ಬಂದಿದೆ ಎಂದು ಮನೆಗೇ ಬರುತ್ತಾರೆ. ಹೆಸರು ಬೇಡ ತಂಗಿ, ಕೂಲಿ ತಪ್ಪಿಸಬೇಡ, ಸಾಕು’ ಎಂದರು. ಹಾಗಾಗಿ ಅವರಿಗೆಲ್ಲ ವಂದನೆ ಹೇಳುವ ಈ ಬರಹದಲ್ಲೂ ಯಾರ ಹೆಸರೂ ಇಲ್ಲ. ಓದಿದವರಿಗೆ ತಾವು ಯಾರೆಂದು ಗೊತ್ತಾಗುತ್ತದೆ.

ಎರಡು ವರ್ಷದ ಹಿಂದೆ, ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ ಸ್ಕೂಟರ್ ಜಾರಿ ನನ್ನ ಬಲಗೈಯ ಮಣಿಕಟ್ಟು ಮುರಿಯಿತು. ಒಳಗೆ ಲೋಹದ ಪಟ್ಟಿ ಕೂರಿಸಿದರು. ಆವರೆಗೆ ನನ್ನ ಕೆಲಸವೆಲ್ಲ ಯಂತ್ರದ ಮೇಲೆ: ಬಟ್ಟೆಯ ತುಂಡುಗಳನ್ನು ಕತ್ತರಿಸಿ, ಜೋಡಿಸಿ, ಗೋಡೆಗೆ ತೂಗುಹಾಕುವ ಚಿತ್ರಗಳು, ದಿಂಬಿನ ಕವರುಗಳು. ಕೈಗೆ ಪ್ಲಾಸ್ಟರ್ ಬಿದ್ದ ಎರಡನೇ ವಾರ ಬೆಂಗಳೂರಿನ ಅಂಗಡಿಯೊಂದು ಇನ್ನೂರು ಕವರುಗಳ ಬೇಡಿಕೆಯನ್ನು ರದ್ದು ಮಾಡಿತು. ಅಷ್ಟರಲ್ಲಿ ಬಟ್ಟೆ ಕತ್ತರಿಸಿಯಾಗಿತ್ತು. ಆ ತುಂಡುಗಳು ಎರಡು ಗೋಣಿಚೀಲಗಳಲ್ಲಿ ತಿಂಗಳುಗಟ್ಟಲೆ ಕೋಣೆಯ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದವು.

ಮನೆ ಮಾಲೀಕರಿಗೆ ಮೊದಲ ವಂದನೆ. ಐದು ತಿಂಗಳ ಬಾಡಿಗೆ ನಿಂತುಹೋಗಿದ್ದರೂ ಅವರು ಮೆಟ್ಟಿಲಲ್ಲಿ ಎದುರಾದಾಗ ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಬೆರಳು ಮಡಚಲು ಬರುತ್ತದೆಯೇ?’ ನನ್ನೊಡನೆ ಕೆಲಸ ಮಾಡುತ್ತಿದ್ದ ಇಬ್ಬರು ಹುಡುಗಿಯರು ಬಾಕಿ ಉಳಿದ ಸಣ್ಣಪುಟ್ಟ ಕೆಲಸಗಳನ್ನು ಮುಗಿಸಿಕೊಟ್ಟರು. ಆಮೇಲೆ ಅವರಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಹೋದರು, ಹೋಗಲೇಬೇಕಿತ್ತು. ಫಿಸಿಯೋಥೆರಪಿ ಮಾಡುತ್ತಿದ್ದ ವೈದ್ಯೆಗೆ ನಾನು ಸೂಜಿ ಹಿಡಿಯಬಹುದೇ ಎಂದು ಕೇಳಿದೆ. ‘ಹತ್ತು ನಿಮಿಷ. ಹನ್ನೊಂದನೆಯ ನಿಮಿಷ ನನಗೆ ಗೊತ್ತಾಗುತ್ತದೆ’ ಎಂದರು. ಹೇಗೋ ಏನೋ, ಪ್ರತಿ ಸಲವೂ ಗೊತ್ತಾಗುತ್ತಿತ್ತು.

ಕೌದಿ ಅವ್ವ ಸಿಕ್ಕಿದ್ದು ಎದುರುಮನೆಯ ಅಂಗಳದಲ್ಲಿ. ಅವರದು ಊರೂರು ತಿರುಗಿ, ಮನೆಯವರು ಕೊಟ್ಟ ಹಳೆಯ ಸೀರೆ ಧೋತರಗಳಿಂದ ಅಲ್ಲಿಯೇ ಕೂತು ಕೌದಿ ಹೊಲಿದುಕೊಡುವ ಮನೆತನ. ಪ್ಲಾಸ್ಟರ್ ಕೈಯಲ್ಲಿ ಹೋಗಿ ಪಕ್ಕದಲ್ಲಿ ಕೂತೆ. ನಾಚಿಕೆಯಿಲ್ಲದೆ ಬಣ್ಣದ ಬಗ್ಗೆ ಸಲಹೆಯನ್ನೂ ಕೊಟ್ಟೆ: ಹಸಿರಿನ ಪಕ್ಕ ಈ ಕೆಂಪು ಬೇಡ ಎಂದೆ. ಅವರು ತಲೆ ಎತ್ತಲಿಲ್ಲ. ‘ಬಣ್ಣ ಆಮೇಲೆ. ಮೊದಲು ಬಟ್ಟೆಗೆ ಎಷ್ಟು ಜೀವ ಉಳಿದಿದೆ ನೋಡು’ ಎಂದು ಒಂದು ಇಳಕಲ್ ಸೀರೆಯನ್ನು ಬಿಸಿಲಿಗೆ ಹಿಡಿದರು. ಕೂತೆದ್ದು ಸವೆದ ಭಾಗ ಜರಡಿಯಂತೆ ಬೆಳಕು ಬಿಡುತ್ತಿತ್ತು. ಸೆರಗು ಮಾತ್ರ ಗಟ್ಟಿಯಾಗಿತ್ತು. ಸವೆದದ್ದು ಕೌದಿಯ ಹೊಟ್ಟೆಗೆ, ಗಟ್ಟಿ ಇದ್ದದ್ದು ಮೈಗೆ. ಜವಳಿ ವಿನ್ಯಾಸವನ್ನು ನಾಲ್ಕು ವರ್ಷ ಓದಿದ ನನಗೆ ಬಟ್ಟೆಯನ್ನು ಹಾಗೆ ಬಿಸಿಲಿಗೆ ಹಿಡಿದು ನೋಡಬೇಕೆಂದು ಹೊಳೆದಿರಲಿಲ್ಲ.

ಕೌದಿಗೆ ಚೌಕಟ್ಟಿಲ್ಲ. ಪದರಗಳನ್ನು ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಬಿಗಿದುಕೊಳ್ಳಬೇಕು. ಆಮೇಲೆ ಅದರ ಮೇಲೆಯೇ ಕೂರಬೇಕು. ಕೂತವರ ಭಾರವೇ ಬಟ್ಟೆಯನ್ನು ಎಳೆದು ಹಿಡಿಯುತ್ತದೆ. ಎಡಗೈ ಕೆಳಗಿದ್ದು ಸೂಜಿಯ ಮೊನೆ ಎಲ್ಲ ಪದರಗಳನ್ನೂ ದಾಟಿತೇ ಎಂದು ಕಾಯುತ್ತದೆ, ಬಲಗೈ ಮೇಲಿನಿಂದ ನಾಲ್ಕೈದು ಹೊಲಿಗೆಗಳನ್ನು ಸೂಜಿಗೆ ಏರಿಸಿಕೊಂಡು ಒಮ್ಮೆಗೇ ದಾರ ಎಳೆಯುತ್ತದೆ. ನನ್ನ ಮೊದಲ ಸಾಲುಗಳು ಬಹಳ ಚಂದ ಇದ್ದವು, ಸಣ್ಣ, ಬಿಗಿ. ಅವ್ವ ಒಂದೂ ಮಾತಾಡದೆ ಕತ್ತರಿ ತೆಗೆದುಕೊಂಡು ಮೊಳದಷ್ಟು ಹೊಲಿಗೆ ಕತ್ತರಿಸಿ ಹಾಕಿದರು. ಬಿಗಿ ಹೊಲಿದರೆ ಕೌದಿ ಮುದುಡುತ್ತದೆ, ತೊಳೆದಾಗ ದಾರವೇ ಬಟ್ಟೆಯನ್ನು ಹರಿಯುತ್ತದೆ. ಕಣ್ಣಲ್ಲಿ ನೀರು ಬಂದದ್ದು ನಿಜ. ಆ ಕತ್ತರಿಗೂ ಇಲ್ಲಿ ವಂದನೆ ಸಲ್ಲುತ್ತದೆ.

ಒಂದು ಮಧ್ಯಾಹ್ನ ಸುಮ್ಮನೆ ಲೆಕ್ಕ ಹಾಕಿದೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿಗೆ ಎರಡು ಸೆಂಟಿಮೀಟರಿಗೊಂದು ಸಾಲು ಎಂದರೆ ಸುಮಾರು 60 ಸಾಲು, 110 ಮೀಟರ್ ಹೊಲಿಗೆ. ಸೆಂಟಿಮೀಟರಿಗೆ ಒಂದರಂತೆ 11,000 ಸಲ ಸೂಜಿ ಬಟ್ಟೆಯೊಳಗೆ ಹೋಗಿ ಬರಬೇಕು. ದಿನಕ್ಕೆ ಹತ್ತು ನಿಮಿಷದ ಅಪ್ಪಣೆ ಇದ್ದವಳು ಇಂಥ ಲೆಕ್ಕ ಹಾಕಬಾರದು. ಅವ್ವನಿಗೆ ಹೇಳಿದರೆ, ‘ಎಣಿಸುವವರು ಹೊಲಿಯುವುದಿಲ್ಲ’ ಎಂದು ಕಚ್ಚಾ ಹೊಲಿಗೆಯನ್ನು ಎಡಗೈಯಲ್ಲಿ ಹಾಕಲು ಹಚ್ಚಿದರು. ಎಡಗೈಯ ಆ ಸೊಟ್ಟ ಹೊಲಿಗೆಗಳು ಎರಡು ಕೌದಿಗಳಲ್ಲಿ ಹಾಗೇ ಉಳಿದಿವೆ, ತೆಗೆಯಲು ಮನಸ್ಸಾಗಲಿಲ್ಲ.

ಹಳಿಯಾಳದ ಕಡೆಯ ಸಿದ್ದಿ ಅಕ್ಕಂದಿರಿಗೆ ನಾನು ಬೇರೆಯೇ ಋಣಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ತರಲ್ಪಟ್ಟವರ ಸಂತತಿ ಈಗ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿದೆ. ಅವರ ‘ಕವಂದಿ’ ಬೇರೆ ಥರ. ತೇಪೆಗಳನ್ನು ಮೊದಲೇ ಜೋಡಿಸಿಕೊಳ್ಳುವುದಿಲ್ಲ. ಅಂಚಿನ ಒಂದು ಮೂಲೆಯಿಂದ ಶುರುಮಾಡಿ, ಅಂಚು ಮಡಚಿ ತುಂಡಿನ ಪಕ್ಕ ತುಂಡು ಇಡುತ್ತಾ, ಹೊಲಿಯುತ್ತಾ, ಸುತ್ತು ಬರುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ಹೂವು ಇಡುತ್ತಾರೆ, ‘ಫುಲಾ’ ಎನ್ನುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ನಾನು ಪುಸ್ತಕ ತೆಗೆದು ನಕ್ಷೆ ಬರೆಯಲು ಕೂತಾಗ ಒಬ್ಬ ಅಕ್ಕ ನನ್ನ ಪೆನ್ಸಿಲ್ ಕಸಿದು ತನ್ನ ಕೂದಲಿಗೆ ಸಿಕ್ಕಿಸಿಕೊಂಡರು. ಸಂಜೆ ಹೊರಡುವಾಗ ವಾಪಸು ಕೊಟ್ಟರು. ಪ್ರದರ್ಶನದಲ್ಲಿ ಇದ್ದ ಐದನೆಯ ಕೌದಿ ಆ ದಿನ ಕಲಿತದ್ದು. ಅದನ್ನು ಮಾರಲಿಲ್ಲ, ಮಾರುವುದೂ ಇಲ್ಲ. ಅದು ಅವರ ಕಸುಬು, ಕೊಳ್ಳುವ ಆಸೆಯಿದ್ದವರು ಅವರಲ್ಲಿಗೇ ಹೋಗಿ ಕೊಳ್ಳಲಿ.

ಇನ್ನು ಬಟ್ಟೆ ಕೊಟ್ಟವರು. ನಿವೃತ್ತ ಲೈನ್‌ಮನ್ ಕಾಕಾ ತಮ್ಮ ಖಾಕಿ ಪ್ಯಾಂಟುಗಳನ್ನು ಕೊಟ್ಟರು. ಹಿಂದಿನ ಓಣಿಯ ವೈನಿ ಗುಳೇದಗುಡ್ಡದ ಖಣದ, ಅಂದರೆ ಕುಪ್ಪಸದ ಬಟ್ಟೆಯ, ಹದಿನಾಲ್ಕು ತುಂಡುಗಳನ್ನು ಕೊಟ್ಟು, ಎರಡು ದಿನದ ನಂತರ ಬಂದು ಒಂದನ್ನು ವಾಪಸು ತೆಗೆದುಕೊಂಡು ಹೋದರು. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಚುನಾವಣೆ ಮುಗಿದ ಮೇಲೆ ಚಹಾದಂಗಡಿಯ ಹುಡುಗ ಒಂದು ಹೊರೆ ಬಾವುಟ ತಂದು ಹಾಕಿದ. ಒಳಪದರಕ್ಕೆ ಆದೀತು ಎಂದರು ಅವ್ವ. ಹೀಗಾಗಿ ಎಂಟನೆಯ ಕೌದಿಯ ಹೊಟ್ಟೆಯಲ್ಲಿ ಎಲ್ಲ ಪಕ್ಷಗಳೂ ಒಂದರ ಮೇಲೊಂದು ಮಲಗಿವೆ, ಈವರೆಗೆ ಜಗಳವಾಗಿಲ್ಲ. ರದ್ದಾದ ಆ ಇನ್ನೂರು ಕವರುಗಳ ತುಂಡುಗಳೂ ಕೌದಿಗಳಿಗೇ ಹೋದವು. ಅದರಲ್ಲೂ ನಾನು ಒಂದು ತಪ್ಪು ಮಾಡಿದೆ: ಹೊಸ ಕೆಂಪು ಬಟ್ಟೆಯನ್ನು ಒಗೆಯದೆ ಹೊಲಿದು, ಬಿಳಿ ಧೋತರವನ್ನೆಲ್ಲ ಗುಲಾಬಿ ಮಾಡಿಕೊಂಡೆ. ನೋಡಲು ಬಂದವರು ಅದನ್ನೇ ‘ಎಂಥ ಹದವಾದ ಬಣ್ಣ’ ಎಂದು ಹೊಗಳಿದರು. ನಾನು ತಿದ್ದಲಿಲ್ಲ, ಈಗ ತಿದ್ದುತ್ತಿದ್ದೇನೆ.

ಏಳು ಕೌದಿಗಳನ್ನು ಕೊಂಡವರಿಗೆ ಕೃತಜ್ಞತೆ. ‘ಹಳೆ ಬಟ್ಟೆಗೆ ಇಷ್ಟು ದುಡ್ಡೇ?’ ಎಂದು ಕೇಳಿದವರಿಗೂ ಇರಲಿ, ಆ ಪ್ರಶ್ನೆಯಿಂದಾಗಿಯೇ ಅವ್ವನ ದಿನಗೂಲಿಯ ಲೆಕ್ಕವನ್ನು ಕಾಗದದ ಮೇಲೆ ಬರೆದು ಪಕ್ಕದಲ್ಲಿ ಅಂಟಿಸಿದೆ. ಆಮೇಲೆ ಚೌಕಾಸಿ ಕಡಿಮೆಯಾಯಿತು.

ಕೊನೆಯ ದಿನ ಮಧ್ಯಾಹ್ನ ಅವ್ವ ಬಂದರು, ಮೊಮ್ಮಗಳ ಕೈ ಹಿಡಿದುಕೊಂಡು. ‘ದಯವಿಟ್ಟು ಮುಟ್ಟಬೇಡಿ’ ಎಂಬ ಫಲಕ ಹಾಕಿದವಳು ನಾನೇ. ಅವರಿಗೆ ಓದಲು ಬರುವುದಿಲ್ಲ, ಬಂದಿದ್ದರೂ ಕೇಳುತ್ತಿರಲಿಲ್ಲ. ಮುಂಬದಿಯನ್ನು ಅವರು ಸರಿಯಾಗಿ ನೋಡಲೂ ಇಲ್ಲ. ಒಂದೊಂದು ಕೌದಿಯ ಅಂಚನ್ನೂ ಎತ್ತಿ, ಹಿಂಬದಿಗೆ ಕೈ ಹಾಕಿ, ಬೆರಳಾಡಿಸುತ್ತಾ ಹೋದರು. ಮೂರನೆಯದರ ಹತ್ತಿರ ಬೆರಳು ನಿಂತಿತು. ಅಲ್ಲಿ ಒಂದು ಗಂಟು ಇತ್ತು, ಒಳಗೆ ಅಡಗಿಸದೆ ಬಿಟ್ಟದ್ದು, ಅದರ ಮುಂದಿನ ಒಂದು ಗೇಣು ಬಿಗಿ ಹೊಲಿಗೆ. ನನ್ನ ಕಡೆ ನೋಡಿದರು. ಸಭಾಂಗಣದ ತುಂಬ ಜನ. ಏಣಿ ತರಿಸಿ ಇಳಿಸಿಕೊಟ್ಟೆ.

ಮೂರನೆಯ ಕೌದಿಯನ್ನು ಕೊಂಡವರು ದಯವಿಟ್ಟು ಇನ್ನೊಂದು ವಾರ ತಾಳಬೇಕು. ಅದು ಅವ್ವನ ಮನೆಯಲ್ಲಿದೆ, ಬಿಚ್ಚಿಯಾಗಿದೆಯಂತೆ.