ಊರಿಗೆ ಬಂದ ನಾಲ್ಕು ದಿನ ಕೆಮ್ಮಿಲ್ಲ

ಪ್ರೀತಿಯ ಅಳಿಯನಿಗೆ,

ನಿನ್ನ ಪತ್ರ ಮೊನ್ನೆ ಬಂತು. ಸಂಬಳ, ರೂಮು, ಅಮ್ಮನಿಗೆ ಕಳಿಸಿದ ದುಡ್ಡು, ಎಲ್ಲ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಸುಮ್ನೆ ಒಂದು ಮಾತು ಸೇರಿಸಿದ್ದೀಯಲ್ಲ, ಭೂತಕೋಲಕ್ಕೆ ಅಂತ ಬದಿಯಡ್ಕಕ್ಕೆ ಬಂದ ನಾಲ್ಕು ದಿನ ಕೆಮ್ಮೇ ಇರಲಿಲ್ಲ, ಕಲ್ಲಿಕೋಟೆಗೆ ವಾಪಸ್ ಹೋಗಿ ಹೋಟೆಲಿನ ಒಲೆ ಮುಂದೆ ನಿಂತ ದಿನವೇ ಮತ್ತೆ ಶುರುವಾಯಿತು, ಊರಿನ ಗಾಳಿಯೇ ಒಳ್ಳೆಯದು ಅಂತ. ಅದನ್ನು ಓದಿದ ಮೇಲೆ ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಿನ್ನ ಅತ್ತೆಯೂ ಇದನ್ನೇ ಹೇಳುತ್ತಿದ್ದಳು. ಅಡೂರಿಗೆ ಹೋದರೆ ನನಗೆ ಕೆಮ್ಮೇ ಇಲ್ಲ ಮಾರಾಯ್ರೆ, ಅಂತ. ತವರಿಗೆ ಹೋದರೆ ಯಾವ ಹೆಂಗಸಿಗೆ ಕಾಯಿಲೆ ಇರುತ್ತದೆ ಅಂತ ಮನೆಯವರೆಲ್ಲ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ. ಆಮೇಲಿನದ್ದು ನಿನಗೆ ಗೊತ್ತೇ ಇದೆ, ಅದನ್ನು ಮತ್ತೆ ಬರೆಯುವುದಿಲ್ಲ.

ಗೊತ್ತಿಲ್ಲದ್ದು ಒಂದಿದೆ. ನಮ್ಮ ಚಿಪ್ಸ್ ಅಂಗಡಿಯ ಹಿಂದಿನ ಕೋಣೆಗೆ ಒಂದು ಕಿಟಕಿ ಇತ್ತು. ನೀನು ನೋಡುವ ಕಾಲಕ್ಕೆ ಅದಕ್ಕೆ ತಗಡು ಬಿದ್ದಿತ್ತು. ಆ ತಗಡು ಹೊಡೆದವನು ನಾನೇ. ಗಾಳಿ ಬಂದರೆ ಉರಿ ಅಲುಗಾಡುತ್ತದೆ, ಗ್ಯಾಸ್ ಜಾಸ್ತಿ ಹೋಗುತ್ತದೆ ಅಂತ. ನೇಂದ್ರ ಕಾಯಿ ಅರ್ಧ ಬೆಂದಾಗ ಅವಳು ಬಾಣಲೆಗೆ ಅರಶಿನ ಹಾಕಿದ ಉಪ್ಪುನೀರು ಬಿಡುತ್ತಿದ್ದಳು, ಎಣ್ಣೆ ಚರ್ರೆಂದು ಉಕ್ಕಿ ಹಬೆಯೆಲ್ಲ ಮುಖಕ್ಕೇ ಬರುತ್ತಿತ್ತು, ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಜಾಲರಿ ಆಡಿಸುತ್ತಿದ್ದಳು. ಸಂಜೆ ಗೋಡೆ ಮುಟ್ಟಿದರೆ ಬೆರಳು ಅಂಟುತ್ತಿತ್ತು. ಗೋಡೆಗೆ ಅಷ್ಟು ಅಂಟಿದ್ದು ಅವಳ ಎದೆಗೂ ಹೋಗಿರಬೇಕಲ್ವಾ? ನನಗೆ ಹೊಳೆಯಲೇ ಇಲ್ಲ. ಸೌದೆ ಬಿಟ್ಟು ಗ್ಯಾಸಿಗೆ ಬಂದಿದ್ದೇವೆ, ಇನ್ನೆಲ್ಲಿಯ ಹೊಗೆ ಅಂತಲೇ ನನ್ನ ಲೆಕ್ಕ.

ಎಣ್ಣೆಯ ಹೊಗೆಯೇ ಬೇರೆ ಅಂತ ಆಮೇಲೆ ತಿಳಿಯಿತು. ಎಣ್ಣೆ ಮಿತಿಮೀರಿ ಕಾದಾಗ ಅಕ್ರೋಲಿನ್ ಅಂತ ಒಂದು ರಾಸಾಯನಿಕ ಆವಿ ಏಳುತ್ತದೆ, ಕಣ್ಣು ಉರಿದು ಗಂಟಲು ಕೆರೆಯುವಂತೆ ಮಾಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಹೆಚ್ಚು ಉರಿಯಲ್ಲಿ ಕರಿಯುವಾಗ ಬರುವ ಹೊಗೆ ಬಹುಶಃ ಕ್ಯಾನ್ಸರ್ ತರುವಂಥದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರ ವರದಿಯಲ್ಲೇ ಹೇಳಿದೆ. ನಿನ್ನನ್ನು ಹೆದರಿಸಲಿಕ್ಕೆ ಬರೆದದ್ದಲ್ಲ. ಅತ್ತೆಯ ಕಾಯಿಲೆ ಅದರಿಂದಲೇ ಬಂತು ಅಂತ ಯಾವ ಡಾಕ್ಟರೂ ಹೇಳಲಿಲ್ಲ. ಒಬ್ಬರು ಮಾತ್ರ ಕೇಳಿದ್ದರು, ಕೆಮ್ಮು ಯಾವಾಗ ಜಾಸ್ತಿ, ಯಾವಾಗ ಕಮ್ಮಿ? ಅವಳು ಬಾಯಿ ತೆರೆಯುವ ಮೊದಲೇ ನಾನು, ಯಾವಾಗಲೂ ಇದೆ ಅಂದುಬಿಟ್ಟೆ. ತವರಿನ ಮಾತು ಅವಳ ಬಾಯಲ್ಲೇ ಉಳಿಯಿತು.

ಅದಕ್ಕೇ ಹೇಳುವುದು, ನೀನು ಡಾಕ್ಟರ ಹತ್ತಿರ ಹೋಗು, ಆ ನಾಲ್ಕು ದಿನದ ವಿಷಯವನ್ನೇ ಮೊದಲು ಹೇಳು. ಕೆಲಸದಲ್ಲಿ ಜಾಸ್ತಿ, ರಜೆಯಲ್ಲಿ ಕಮ್ಮಿ ಅಂದರೆ ಕೆಲಸದ ಜಾಗದಿಂದ ಹತ್ತಿದ ದಮ್ಮು ಇರಬಹುದು, ಬೇಗ ಹಿಡಿದಷ್ಟೂ ಒಳ್ಳೆಯದು. ಕೊಳವೆಗೆ ಊದಿಸಿ ನೋಡುವ ಪರೀಕ್ಷೆ ಇದೆ, ಬೇಕಾ ಅಂತ ಕೇಳು. ಕರವಸ್ತ್ರ ಕಟ್ಟಿಕೊಳ್ಳುತ್ತೇನೆ ಅಂತ ಬರೆದಿದ್ದೀಯ, ಆ ಹೊಗೆಗೆ ಬಟ್ಟೆ ತಡೆಯೇ ಅಲ್ಲ. ಒಲೆ ಹಚ್ಚುವ ಮೊದಲೇ ಎಕ್ಸಾಸ್ಟ್ ಫ್ಯಾನ್ ಹಾಕು. ಅದರ ಜಾಲರಿಯಲ್ಲಿ ಜಿಡ್ಡು ಕಟ್ಟಿದ್ದರೆ ಫ್ಯಾನ್ ತಿರುಗಿಯೂ ಪ್ರಯೋಜನವಿಲ್ಲ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಬೇಗ ಹೊಗೆ ಏಳುತ್ತದೆ, ಆದರೆ ಅದು ನಿನ್ನ ಕೈಯಲ್ಲಿಲ್ಲ, ಮಾಲಕರ ಕೈಯಲ್ಲಿದೆ, ನನಗೂ ಗೊತ್ತು. ಬಾಣಲೆ ಬಿಟ್ಟು ಇಡ್ಲಿ, ಪುಟ್ಟಿನ ಕಡೆ ಹಾಕಲಿಕ್ಕೆ ಆಗುತ್ತದಾ ಅಂತ ಒಂದು ಮಾತು ಕೇಳಿ ನೋಡು. ಊರಲ್ಲಿ ಕೂತು ಹೇಳುವುದು ಸುಲಭ, ನಿಂತು ಬೇಯುವವನು ನೀನು. ತಪ್ಪು ತಿಳಿಯಬೇಡ.

ಇನ್ನೊಂದು. ಒಂದು ಚೀಟಿ ಇಟ್ಟುಕೊಂಡು ಕೆಮ್ಮು ಶುರುವಾದ ಹೊತ್ತು, ನಿಂತ ಹೊತ್ತು ಎರಡನ್ನೂ ಬರೆದಿಡು. ಡಾಕ್ಟರಿಗೆ ತೋರಿಸಿದ ದಿನ ನನಗೆ ಫೋನ್ ಮಾಡು, ಹೋಟೆಲ್ ಮುಚ್ಚಿದ ಮೇಲೆ ಹನ್ನೊಂದು ಗಂಟೆಯಾದರೂ ಅಡ್ಡಿಯಿಲ್ಲ, ನಾನು ಎದ್ದಿರುತ್ತೇನೆ.

ನಿನ್ನ ಮಾವ