ಕ್ಯಾಸಿನೊ ತಕರಾರು: ಯಾವ ದೂರು ಯಾರ ಮುಂದೆ?

ಮಾನ್ಯ ಸಂಪಾದಕರೇ,

ವಾರದ ಕೊನೆಗೆ ಮಂಗಳೂರು, ಉಡುಪಿಯಿಂದ ರೈಲು ಹತ್ತಿಯೋ ಹೆದ್ದಾರಿ 66ರಲ್ಲಿ ಕಾರು ಓಡಿಸಿಯೋ ಪಣಜಿಯ ಕ್ಯಾಸಿನೊಗಳಿಗೆ ಹೋಗಿಬರುವವರು ನಮ್ಮ ಜಿಲ್ಲೆಗಳಲ್ಲಿ ಕಡಿಮೆಯಿಲ್ಲ. ಅಲ್ಲಿ ಜಗಳವಾದರೆ ಹೆಚ್ಚಿನವರು ಏನೂ ಮಾತಾಡದೆ ಹಿಂದಿರುಗುತ್ತಾರೆ. ಊರು ತಲುಪಿದ ಮೇಲೆ ಠಾಣೆಗೆ ಹೋಗಿ ‘ನನ್ನ ಇಷ್ಟು ಲಕ್ಷ ಹೋಯಿತು’ ಎಂದು ಅರ್ಜಿ ಕೊಡುತ್ತಾರೆ. ಅರ್ಜಿ ಅಲ್ಲೇ ಬಿದ್ದಿರುತ್ತದೆ. ಸೋತ ದುಡ್ಡು, ಕೊಡದೆ ಉಳಿಸಿಕೊಂಡ ದುಡ್ಡು, ಪ್ಯಾಕೇಜಿಗೆ ಕೊಟ್ಟ ದುಡ್ಡು, ತೆರಿಗೆಗೆ ಮುರಿದ ದುಡ್ಡು ಎಲ್ಲವನ್ನೂ ಒಂದೇ ಮೊತ್ತ ಮಾಡಿ ಬರೆದ ದೂರನ್ನು ಯಾವ ಅಧಿಕಾರಿಯೂ ಕೈಗೆತ್ತಿಕೊಳ್ಳಲಾರ. ಈ ನಾಲ್ಕಕ್ಕೂ ಹೋಗಬೇಕಾದ ದಾರಿ ಬೇರೆ ಬೇರೆ. ಮೊದಲನೆಯದಕ್ಕೆ ದಾರಿಯೇ ಇಲ್ಲ.

1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಕರಾರು ಅನೂರ್ಜಿತ. ಬಾಜಿಯಲ್ಲಿ ಗೆದ್ದೆನೆಂದು ಹೇಳುವ ಹಣದ ವಸೂಲಿಗೆ ದಾವೆ ಹೂಡುವಂತಿಲ್ಲ. ಗೋವಾದಲ್ಲಿ ಕ್ಯಾಸಿನೊ ನಡೆಯುತ್ತಿರುವುದು ಅಲ್ಲಿನ 1976ರ ಸಾರ್ವಜನಿಕ ಜೂಜು ಕಾಯ್ದೆಗೆ 1992 ಮತ್ತು 1996ರಲ್ಲಿ ಆದ ತಿದ್ದುಪಡಿಗಳ ಬಲದಿಂದ. ಮೊದಲು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಕ್ಕೆ, ಆಮೇಲೆ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಕ್ಕೆ ಅನುಮತಿ ಸಿಕ್ಕಿತು. ಪರವಾನಗಿ ಇದ್ದರೆ ಆಟ ಆಡಿಸುವುದು ಅಪರಾಧವಲ್ಲ, ಅಷ್ಟೇ; ಅದರಿಂದ ಆಟಗಾರನಿಗೆ ಸಿವಿಲ್ ಕೋರ್ಟಿನ ಬಾಗಿಲು ತಾನಾಗಿ ತೆರೆಯುವುದಿಲ್ಲ. ಆದ್ದರಿಂದ ಆಟಗಾರನ ಕೈಯಲ್ಲಿರುವ ಹಿಡಿತ ಕೋರ್ಟಿಗಿಂತ ಆ ಪರವಾನಗಿಯದ್ದೇ. ಸರಕಾರದ ಪರವಾನಗಿಯ ಮೇಲೆ ಬದುಕುವ ಸಂಸ್ಥೆ ಲಿಖಿತ ದೂರಿಗೆ ಹೆದರುವಷ್ಟು ಮೇಜಿನ ಬಳಿಯ ಬೊಬ್ಬೆಗೆ ಹೆದರುವುದಿಲ್ಲ.

ಆದರೆ ಮೇಜಿನ ತಕರಾರು ಮೇಜಿನಲ್ಲೇ ಮುಗಿಯಬೇಕು. ಡೀಲರ್ (ಮೇಜಿನಲ್ಲಿ ಆಟ ನಡೆಸುವ ಸಿಬ್ಬಂದಿ) ತಪ್ಪು ಲೆಕ್ಕ ಕೊಟ್ಟ ಎನಿಸಿದರೆ ಎಲೆಗಳನ್ನು ಬಳಿದು ಎತ್ತುವ ಮೊದಲೇ ಕೈ ಎತ್ತಿ ‘ಆಟ ನಿಲ್ಲಿಸಿ, ಫ್ಲೋರ್ ಮ್ಯಾನೇಜರ್ ಕರೆಯಿರಿ’ ಎನ್ನಬೇಕು. ಎಲೆ, ಚಿಪ್ (ಹಣದ ಬದಲು ಬಾಜಿಗೆ ಇಡುವ ಬಿಲ್ಲೆ) ಯಾವುದನ್ನೂ ಮುಟ್ಟಬಾರದು. ಒಂದು ಚಿಪ್ ಸರಿಸಿದರೂ ತಕರಾರು ಕಮ್ಮಿ ಕೊಟ್ಟದ್ದನ್ನು ಬಿಟ್ಟು ನೀವು ಮುಟ್ಟಿದ್ದರ ಸುತ್ತ ತಿರುಗುತ್ತದೆ. ಪ್ರತಿ ಮೇಜಿನ ಮೇಲೂ ಕ್ಯಾಮೆರಾ ಇರುತ್ತದೆ. ‘ದೃಶ್ಯ ನೋಡಿ ಹೇಳಿ’ ಎಂದು ಕೇಳಬೇಕು. ಮುಂದಿನ ಆಟಕ್ಕೆ ಬಾಜಿ ಇಟ್ಟರೆ ಹಿಂದಿನದನ್ನು ಒಪ್ಪಿದಂತೆ ಎಂದೇ ಅವರು ವಾದಿಸುತ್ತಾರೆ. ಫೋನಿನಲ್ಲಿ ಚಿತ್ರ ತೆಗೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಮೇಜಿನ ಸಂಖ್ಯೆ, ಗಡಿಯಾರದ ಸಮಯ, ಕುಳಿತ ಜಾಗ, ಡೀಲರನ ಎದೆಪಟ್ಟಿಯ ಹೆಸರು ಈ ನಾಲ್ಕನ್ನು ಹೊರಗೆ ಬಂದ ಕೂಡಲೇ ಬರೆದಿಡಿ.

ಇಂಥ ಜಗಳಗಳಲ್ಲಿ ಅರ್ಧದಷ್ಟು ನಿಯಮ ತಿಳಿಯದೆ ಹುಟ್ಟುವಂಥವು. ಚಕ್ರ ತಿರುಗಿಸಿ ಆಡುವ ರೂಲೆಟ್‌ನಲ್ಲಿ ಒಂದೇ ಸಂಖ್ಯೆಗೆ 35ಕ್ಕೆ 1ರ ಲೆಕ್ಕ: ₹500 ಇಟ್ಟರೆ ₹17,500 ಗೆಲುವು, ಇಟ್ಟ ₹500 ಬೇರೆ. ಇಬ್ಬರು ಆಟಗಾರರು ಬೆಲೆ ಮುದ್ರಿಸಿದ ನಗದು ಚಿಪ್‌ಗಳನ್ನು ಒಂದೇ ಚೌಕದಲ್ಲಿ ಇಟ್ಟರೆ ಗೆದ್ದದ್ದು ಯಾರದ್ದೆಂದು ಕ್ಯಾಮೆರಾಕ್ಕೂ ಕಷ್ಟ. ಅದಕ್ಕಾಗಿಯೇ ಪ್ರತಿಯೊಬ್ಬರಿಗೂ ಬೇರೆ ಬಣ್ಣದ ಚಿಪ್ ಇರುತ್ತದೆ, ಕೇಳಿ ಪಡೆಯಿರಿ. ಆ ಬಣ್ಣದ ಚಿಪ್ಪನ್ನು ಮೇಜು ಬಿಡುವ ಮೊದಲು ಅಲ್ಲೇ ನಗದು ಚಿಪ್‌ಗೆ ಬದಲಿಸಿಕೊಳ್ಳಬೇಕು. ಕೌಂಟರಿನಲ್ಲಿ ಅದಕ್ಕೆ ಬೆಲೆಯಿಲ್ಲ. ಬ್ಲ್ಯಾಕ್‌ಜಾಕ್‌ಗೆ (ಮೊದಲೆರಡು ಎಲೆಯಲ್ಲೇ 21 ಬಂದರೆ) 2ಕ್ಕೆ 3 ಕೊಡುವ ಮೇಜೂ ಇದೆ, 5ಕ್ಕೆ 6 ಕೊಡುವ ಮೇಜೂ ಇದೆ. ₹1,000ಕ್ಕೆ ಒಂದರಲ್ಲಿ ₹1,500, ಇನ್ನೊಂದರಲ್ಲಿ ₹1,200. ಮೇಜಿನ ಬಟ್ಟೆಯ ಮೇಲೆ ಅದು ಅಚ್ಚಾಗಿರುತ್ತದೆ. ಮೂರೆಲೆ ಆಟದಲ್ಲಿ ನಮ್ಮವರು ದೀಪಾವಳಿಗೆ ಮನೆಯಲ್ಲಿ ಆಡುವ ಲೆಕ್ಕವನ್ನೇ ನಂಬಿ ಕೂರುತ್ತಾರೆ. ಮನೆಯಲ್ಲಿ ಎಕ್ಕ-ದುಗ್ಗಿ-ತಿಗ್ಗಿಗೆ ಇರುವ ಎತ್ತರದ ಸ್ಥಾನ ತ್ರೀ ಕಾರ್ಡ್ ಪೋಕರ್‌ನಲ್ಲಿ ಇಲ್ಲ, ಅಲ್ಲಿ ಅದು ಸಾಲುಗಳಲ್ಲೇ ಅತ್ಯಂತ ಕೆಳಗಿನದು. ಮೊದಲ ಬಾಜಿಗೆ ಮುನ್ನ ಕೇಳಿದರೆ ಡೀಲರ್ ಹೇಳುತ್ತಾನೆ. ಸೋತ ಮೇಲೆ ಕೇಳಿದರೂ ಹೇಳುತ್ತಾನೆ, ಆಗ ಉಪಯೋಗವಿಲ್ಲ.

ಸ್ಲಾಟ್ ಯಂತ್ರದ ಸಂಗತಿ ಬೇರೆ. ಪರದೆಯ ಮೇಲೆ ದೊಡ್ಡ ಮೊತ್ತ ಮೂಡಿ ಯಂತ್ರ ಸ್ತಬ್ಧವಾದರೆ ಕುರ್ಚಿ ಬಿಡಬೇಡಿ, ಯಾವ ಗುಂಡಿಯನ್ನೂ ಒತ್ತಬೇಡಿ, ಸಿಬ್ಬಂದಿಯನ್ನು ಕೂತಲ್ಲಿಂದಲೇ ಕರೆಯಿರಿ. ‘ಯಂತ್ರದೋಷವಾದರೆ ಆಟವೂ ಗೆಲುವೂ ರದ್ದು’ ಎಂಬ ಸಾಲು ಯಂತ್ರದ ಮೇಲೆಯೇ ಇರುತ್ತದೆ. ಆ ಸಾಲನ್ನು ಅವರು ಬಳಸಿದರೆ ಯಂತ್ರದ ಸಂಖ್ಯೆ ಮತ್ತು ಒಳಗಿನ ದಾಖಲೆಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳುವುದೊಂದೇ ಉಳಿದ ದಾರಿ.

ನಮ್ಮೂರಿನ ಪ್ಯಾಕೇಜ್ ಏಜೆಂಟರ ಬಗ್ಗೆಯೂ ಹೇಳಬೇಕು. ‘ಇಷ್ಟು ಕೊಟ್ಟರೆ ಪ್ರವೇಶ, ಊಟ, ಪಾನೀಯ, ಜತೆಗೆ ಇಷ್ಟು ಸಾವಿರದ ಚಿಪ್ ಫ್ರೀ’ ಎಂದು ಫೋನಿನಲ್ಲಿ ಹೇಳಿ ಮಾರುತ್ತಾರೆ. ಆ ಚಿಪ್ ಬಹುತೇಕ ಒನ್ ಟೈಮ್ ಪ್ಲೇ, ಅಂದರೆ ಓಟಿಪಿ ಚಿಪ್. ಅದನ್ನು ಒಮ್ಮೆ ಬಾಜಿಗೆ ಇಡಬಹುದು. ಗೆದ್ದರೆ ಗೆಲುವು ನಗದು ಚಿಪ್ಪಿನಲ್ಲಿ ಬರುತ್ತದೆ, ಇಟ್ಟ ಓಟಿಪಿ ಚಿಪ್ ಗೆದ್ದರೂ ಸೋತರೂ ಹೋಯಿತು. ಕೌಂಟರಿನಲ್ಲಿ ಅದನ್ನು ಹಣ ಮಾಡಿಕೊಳ್ಳಲು ಆಗುವುದಿಲ್ಲ. ಇದನ್ನು ರಸೀದಿಯಲ್ಲಿ ಬರೆದುಕೊಡದ ಏಜೆಂಟನಿಗೆ ದುಡ್ಡು ಕೊಡಬಾರದು ಎಂಬುದು ನಮ್ಮ ಅಭಿಪ್ರಾಯ. ವಾಟ್ಸ್ಆ್ಯಪ್‌ನಲ್ಲಾದರೂ ‘ಎಷ್ಟು ಓಟಿಪಿ, ಎಷ್ಟು ನಗದು’ ಎಂದು ಕೇಳಿ ಉತ್ತರ ಪಡೆಯಿರಿ. 21 ವರ್ಷ ತುಂಬದವರಿಗೆ ಗೋವಾ ಕಾನೂನಿನಂತೆ ಪ್ರವೇಶವಿಲ್ಲ. ಕಾಲೇಜು ಹುಡುಗರಿಗೆ ಪ್ಯಾಕೇಜ್ ಮಾರಿ ಬಾಗಿಲಲ್ಲಿ ತಡೆದರೆ ಆ ದುಡ್ಡು ಹಿಂದಿರುಗಿಸಬೇಕಾದವನು ಏಜೆಂಟನೇ.

ಪ್ಯಾಕೇಜಿನ ತಕರಾರಿಗೆ ಗೋವಾಕ್ಕೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ದೂರುದಾರ ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗಕ್ಕೇ ದೂರು ಕೊಡಬಹುದು. ಮಂಗಳೂರಿನಲ್ಲೂ ಉಡುಪಿಯಲ್ಲೂ ಆಯೋಗವಿದೆ. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಅವಧಿ ಎರಡು ವರ್ಷ. ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದರೆ ಸಣ್ಣ ಮೊತ್ತದವು ಅಲ್ಲೇ ಇತ್ಯರ್ಥವಾಗುವುದೂ ಉಂಟು. ಆದರೆ ಅರ್ಜಿಯಲ್ಲಿ ‘ಸೋತ ಹಣ ವಾಪಸ್ ಕೊಡಿಸಿ’ ಎಂಬ ಒಂದು ವಾಕ್ಯ ಸೇರಿಸಿದರೆ ಎದುರು ಪಕ್ಷದ ವಕೀಲ ಅದನ್ನೇ ಹಿಡಿದು ಇಡೀ ದೂರನ್ನು ಬಾಜಿಯ ವ್ಯಾಜ್ಯವೆಂದು ವಾದಿಸುತ್ತಾನೆ. ಸಿಗದ ರೂಮು, ಸಿಗದ ಊಟ, ಸುಳ್ಳು ಹೇಳಿ ಮಾರಿದ ಚಿಪ್ ಇಷ್ಟಕ್ಕೇ ನಿಲ್ಲಿಸಿ.

ಕೌಂಟರಿನ ಜಗಳಗಳಲ್ಲಿ ಹೆಚ್ಚಿನವು ತೆರಿಗೆಯ ಸುತ್ತ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊಗೆ ಜಿಎಸ್‌ಟಿ ಶೇ 40. ಅಲ್ಲಿಯವರೆಗೆ ಶೇ 28 ಇತ್ತು. ಲೆಕ್ಕ ಚಿಪ್ ಕೊಳ್ಳುವ ಹಣದ ಮೇಲೆ. ₹10,000ದ ಚಿಪ್‌ಗೆ ₹4,000 ತೆರಿಗೆ. ಗೆದ್ದ ಹಣವನ್ನು ಹೊರತೆಗೆಯದೆ ಮತ್ತೆ ಆಡಿದರೆ ಅದಕ್ಕೆ ಇನ್ನೊಮ್ಮೆ ತೆರಿಗೆಯಿಲ್ಲ. ಆಡದೆ ಉಳಿದ ಚಿಪ್ ಹಿಂದಿರುಗಿಸಿದರೂ ಅದರ ಮೇಲಿನ ತೆರಿಗೆ ಸರಕಾರದ ಲೆಕ್ಕದಲ್ಲಿ ಕಡಿತವಾಗುವುದಿಲ್ಲ. ಆದ್ದರಿಂದ ಒಂದೇ ಸಲ ದೊಡ್ಡ ಮೊತ್ತದ ಚಿಪ್ ಕೊಂಡು ‘ಉಳಿದದ್ದು ವಾಪಸ್ ಕೊಡುತ್ತೇನೆ’ ಎನ್ನುವುದು ನಷ್ಟದ ಲೆಕ್ಕ. ಗೆಲುವಿನಿಂದ ಆದಾಯ ತೆರಿಗೆ ಶೇ 30 ಮುರಿದಿದ್ದರೆ ಟಿಡಿಎಸ್ ಪ್ರಮಾಣಪತ್ರ ಕೇಳಿ, ಆಮೇಲೆ ಆದಾಯ ತೆರಿಗೆ ಪೋರ್ಟಲಿನ ಎಐಎಸ್‌ನಲ್ಲಿ (ವಾರ್ಷಿಕ ಮಾಹಿತಿ ಪಟ್ಟಿ) ಆ ಮೊತ್ತ ಕಾಣಿಸಿತೇ ಎಂದು ನೋಡಿ. ಕಾಣದಿದ್ದರೆ ಅದು ಗಟ್ಟಿ ದೂರು. ಇನ್ನು ದೊಡ್ಡ ಗೆಲುವನ್ನು ನಗದಾಗಿ ಕೊಡದೆ ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡುತ್ತೇವೆಂದರೆ ಜಗಳಕ್ಕೆ ಹೋಗಬೇಡಿ. ಒಂದೇ ದಿನ ಒಬ್ಬರಿಂದ ₹2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ, ಮತ್ತು ದಂಡ ಬೀಳುವುದು ಪಡೆದವನಿಗೆ. ಪ್ಯಾನ್‌ನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಮನೆತನದ ಹೆಸರು, ಬ್ಯಾಂಕಿನಲ್ಲಿ ಮೂರನೇ ರೀತಿ ಇರುವುದು ಕರಾವಳಿಯಲ್ಲಿ ಸಾಮಾನ್ಯ. ಪಾವತಿ ತಡವಾಗಲು ಅದೂ ಒಂದು ಕಾರಣ.

ನಿಜಕ್ಕೂ ಹಣ ಕೊಡದೆ ಹೋದರೆ ಅಂದೇ ಇಮೇಲ್ ಮಾಡಿ, ಮರುದಿನ ಅದರ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಪತ್ರ ಒಂದು ಪುಟ ಮೀರಬಾರದು. ದಿನಾಂಕ, ಸಮಯ, ಮೇಜು, ಆಟ, ಇಟ್ಟ ಮೊತ್ತ, ಬರಬೇಕಾದದ್ದು, ಬಂದದ್ದು, ಮಾತಾಡಿದ ಸಿಬ್ಬಂದಿ, ಕೊನೆಗೆ ‘ಈ ಹೊತ್ತಿನ ಕ್ಯಾಮೆರಾ ದೃಶ್ಯವನ್ನು ಅಳಿಸದೆ ಕಾಯ್ದಿರಿಸಿ’ ಎಂಬ ಕೋರಿಕೆ. ಹಳೆಯ ದೃಶ್ಯದ ಮೇಲೆ ಹೊಸದು ಬೀಳುತ್ತಿರುತ್ತದೆ, ಹಾಗಾಗಿ ತಡಮಾಡಿದರೆ ಸಾಕ್ಷಿಯೇ ಇರುವುದಿಲ್ಲ. ಹಣದ ದಾಖಲೆ ಮಾತ್ರ ಅಷ್ಟು ಬೇಗ ಅಳಿಯದು: ಕ್ಯಾಸಿನೊಗಳೂ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಯಲ್ಲಿವೆ, ಗ್ರಾಹಕರ ಗುರುತು ಮತ್ತು ವಹಿವಾಟಿನ ದಾಖಲೆಯನ್ನು ಐದು ವರ್ಷ ಇಟ್ಟಿರಬೇಕು. ಪತ್ರದಲ್ಲಿ ಈ ಕಾಯ್ದೆಯ ಹೆಸರು ಬಂದರೆ ಉತ್ತರ ಬೇಗ ಬರುತ್ತದೆ. 15 ದಿನ ಗಡುವು ಕೊಟ್ಟು, ಆಮೇಲೆ ಗೋವಾದ ಗೇಮಿಂಗ್ ಕಮಿಷನರ್‌ಗೆ (2020ರಿಂದ ಅಲ್ಲಿನ ವಾಣಿಜ್ಯ ತೆರಿಗೆ ಕಮಿಷನರ್‌ಗೆ ಈ ಹೊಣೆ) ಮತ್ತು ಪರವಾನಗಿ ಕೊಡುವ ಗೃಹ ಇಲಾಖೆಗೆ ಪ್ರತಿ ಕಳಿಸಿ. ಹಲ್ಲೆ, ಬಲವಂತವಾಗಿ ಕೂಡಿಹಾಕುವುದು, ದಾಖಲೆ ಕಿತ್ತುಕೊಳ್ಳುವುದು ನಡೆದರೆ ಮಾತ್ರ ಪೊಲೀಸರು. ಅಲ್ಲಿಂದಲೇ 112. ಊರಿಗೆ ಬಂದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಇಲ್ಲಿನ ಠಾಣೆಯಲ್ಲೇ ಝೀರೋ ಎಫ್‌ಐಆರ್ ಕೇಳಬಹುದು. ಘಟನೆ ಗೋವಾದ್ದು ಎಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ.

ಇಷ್ಟೆಲ್ಲ ಪರವಾನಗಿ ಇರುವಲ್ಲಿಗೆ. ಫೋನಿನ ಕ್ಯಾಸಿನೊಗೆ ಇದಾವುದೂ ಅನ್ವಯಿಸದು. 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನೇ ನಿಷೇಧಿಸಿದೆ. ಆಡಿಸುವವನಿಗೆ ಮೂರು ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವನಿಗೆ ಎರಡು ವರ್ಷ, ₹50 ಲಕ್ಷದವರೆಗೆ. ಆಡಿದವನನ್ನು ಈ ಕಾಯ್ದೆ ಅಪರಾಧಿ ಮಾಡಿಲ್ಲ, ಆದ್ದರಿಂದ ಹೆದರಿ ದೂರು ಕೊಡದೆ ಕೂರುವ ಕಾರಣವಿಲ್ಲ. ಈಗ ಉಳಿದಿರುವುದು ಟೆಲಿಗ್ರಾಂ, ವಾಟ್ಸ್ಆ್ಯಪ್‌ಗಳಲ್ಲಿ ‘ಐಡಿ’ (ಜೂಜಿನ ತಾಣದ ಖಾತೆ) ಮಾರುವವರು. ಅವರ ಆಟದ ರೀತಿ ಹೆಚ್ಚುಕಮ್ಮಿ ಒಂದೇ: ಮೊದಲು ಎರಡು ಮೂರು ಸಾವಿರ ಹಿಂತೆಗೆಯಲು ಬಿಡುತ್ತಾರೆ, ಪರದೆಯಲ್ಲಿ ಲಕ್ಷಗಳು ಬೆಳೆಯುತ್ತವೆ, ತೆಗೆಯಲು ಹೋದಾಗ ‘ಶೇ 30 ತೆರಿಗೆ ಮೊದಲು ಕಟ್ಟಿ’ ಎನ್ನುತ್ತಾರೆ. ಟಿಡಿಎಸ್ ಎಂದೂ ಗೆದ್ದವನು ಮುಂಗಡ ಕಟ್ಟುವ ಹಣವಲ್ಲ, ಗೆಲುವಿನಿಂದಲೇ ಮುರಿಯುವಂಥದ್ದು. ಆ ಒಂದು ಸಂದೇಶ ಬಂತೆಂದರೆ ಮೋಸ ಖಚಿತ. ಇನ್ನೊಂದು ರೂಪಾಯಿ ಕಳಿಸದೆ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಹಿಡಿಯಲು ಮೊದಲ ಕೆಲವು ಗಂಟೆಗಳೇ ಮುಖ್ಯ. ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆ, ಹಣ ಹೋದ ಯುಪಿಐ ವಿಳಾಸ, ಚಾಟ್‌ನ ಸ್ಕ್ರೀನ್‌ಶಾಟ್ ಹಿಡಿದು ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ. ಗುಂಪಿನಿಂದ ಹೊರಬರಬೇಡಿ, ಚಾಟ್ ಅಳಿಸಬೇಡಿ.

ಬ್ಯಾಂಕಿಗೆ ಹೋಗಿ ‘ಈ ಪಾವತಿ ನಾನು ಮಾಡಿದ್ದೇ ಅಲ್ಲ’ ಎಂದು ಬರೆಯಲು ಸಲಹೆ ಕೊಡುವವರಿದ್ದಾರೆ. ಅದು ಕೆಟ್ಟ ಸಲಹೆ. ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲ ಎಂಬ ರಿಸರ್ವ್ ಬ್ಯಾಂಕಿನ 2017ರ ನಿಯಮ ಗ್ರಾಹಕನಿಗೆ ಗೊತ್ತಿಲ್ಲದೆ ಮೂರನೆಯವರಿಂದ ನಡೆದ ವ್ಯವಹಾರಕ್ಕೆ ಮಾತ್ರ. ನೀವೇ ಪಿನ್ ಒತ್ತಿದ ದಾಖಲೆ ಬ್ಯಾಂಕಿನಲ್ಲಿರುತ್ತದೆ. ‘ಮೋಸದಿಂದ ನನ್ನಿಂದ ಹಣ ಹಾಕಿಸಿಕೊಂಡರು’ ಎಂಬ ನಿಜವನ್ನೇ ಬರೆಯಿರಿ.

ಗೆದ್ದ ಹಣ ಬಂದವರಿಗೂ ತಾಪತ್ರಯವುಂಟು. ಐಡಿಯವರು ಕಳಿಸುವ ಹಣ ಯಾರದೋ ಬಾಡಿಗೆ ಖಾತೆಯಿಂದ ಬಂದಿರುತ್ತದೆ, ಕೆಲವೊಮ್ಮೆ ಇನ್ನೊಂದು ರಾಜ್ಯದಲ್ಲಿ ಮೋಸಹೋದವರ ಹಣವೇ ಆಗಿರುತ್ತದೆ. ಒಂದು ದಿನ ಖಾತೆ ಫ್ರೀಜ್. ಆಗ ಮ್ಯಾನೇಜರನ ಹತ್ತಿರ ರೇಗಾಡಿ ಫಲವಿಲ್ಲ. ಸೈಬರ್ ದೂರಿನ ಸಂಖ್ಯೆ, ಫ್ರೀಜ್ ಮಾಡಿಸಿದ ಠಾಣೆ, ತಕರಾರಿನ ಮೊತ್ತ ಇವನ್ನು ಲಿಖಿತವಾಗಿ ಪಡೆಯಿರಿ. ತಕರಾರಿನ ಮೊತ್ತವಷ್ಟನ್ನೇ ತಡೆಹಿಡಿದು ಉಳಿದದ್ದನ್ನು ಬಿಡುವಂತೆ ಆ ಠಾಣೆಯ ತನಿಖಾಧಿಕಾರಿಗೂ ಬ್ಯಾಂಕಿಗೂ ಬರೆಯಿರಿ, ಸಂಬಳದ ಚೀಟಿ ಲಗತ್ತಿಸಿ. ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಕ್ಯಾಸಿನೊ ಹೊರಗೆ ಬಡ್ಡಿಗೆ ಕೊಡುವವರ ಬಳಿ ಸಹಿ ಮಾಡಿದ ಖಾಲಿ ಚೆಕ್ ಬಿಟ್ಟುಬಂದವರು ‘ಜೂಜಿನ ಸಾಲ, ಕೊಡಬೇಕಿಲ್ಲ’ ಎಂದು ನಿಶ್ಚಿಂತೆಯಿಂದಿರುತ್ತಾರೆ. ಬಾಜಿ ಅನೂರ್ಜಿತವಾದರೂ ಅದಕ್ಕೆ ಪೂರಕವಾದ ಬೇರೆ ಕರಾರು ಅಷ್ಟರಿಂದಲೇ ಅನೂರ್ಜಿತವಾಗದು ಎಂದು ಸುಪ್ರೀಂ ಕೋರ್ಟ್ 1959ರಲ್ಲೇ ಹೇಳಿದೆ. ಮೇಲಾಗಿ ಚೆಕ್ ಬೌನ್ಸ್ ಪ್ರಕರಣದಲ್ಲಿ ಸಾಲವಿತ್ತೆಂದು ನ್ಯಾಯಾಲಯ ಮೊದಲು ಊಹಿಸಿಕೊಳ್ಳುತ್ತದೆ, ಇರಲಿಲ್ಲವೆಂದು ತೋರಿಸಬೇಕಾದದ್ದು ಸಹಿ ಮಾಡಿದವನು. ಚೆಕ್ ಬೌನ್ಸ್ ನೋಟಿಸ್ ಕೈಗೆ ಬಂದ ದಿನದಿಂದ 15 ದಿನದೊಳಗೆ ಉತ್ತರ ಹೋಗಬೇಕು: ಎಷ್ಟು ಪಡೆದದ್ದು, ಎಷ್ಟು ಕೊಟ್ಟಾಗಿದೆ, ಚೆಕ್ ಯಾವಾಗ ಖಾಲಿಯಾಗಿ ಕೊಟ್ಟದ್ದು ಎಂಬ ವಿವರದೊಂದಿಗೆ. ಆ ಲಕೋಟೆಯನ್ನು ವಾಪಸ್ ಕಳಿಸಿದರೆ ತಪ್ಪಿಸಿಕೊಂಡಂತಾಗುವುದಿಲ್ಲ. ನಿರಾಕರಿಸಿದ ನೋಟಿಸನ್ನು ತಲುಪಿದ್ದೆಂದೇ ನ್ಯಾಯಾಲಯ ಸಾಮಾನ್ಯವಾಗಿ ಪರಿಗಣಿಸುತ್ತದೆ.

– ಇಬ್ಬರು ವಕೀಲರು, ಉಡುಪಿ