ಆಕಾಶದ ದೂರ ಬೇರೆ, ಟಿಕೆಟ್‌ನ ಹೊತ್ತು ಬೇರೆ

ಸಂಪಾದಕರೇ,

ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತು ಅಂತ ಹುಡುಕಿದರೆ ಥಟ್ಟನೆ ಉತ್ತರ ಸಿಗುತ್ತದೆ: 400 ಕಿ.ಮೀ., ಅರ್ಧ ಗಂಟೆ. ಟಿಕೆಟ್ ನೋಡಿದರೆ ಒಂದು ಗಂಟೆ ಹತ್ತು ನಿಮಿಷ! ಜನ ಗೊಂದಲಕ್ಕೆ ಬೀಳದೆ ಇನ್ನೇನು?

ಅರ್ಧ ಗಂಟೆ ಅನ್ನುವುದು ಸುಮ್ನೆ ಒಂದು ಭಾಗಾಕಾರ. ದುಂಡಗಿನ ಭೂಮಿಯ ಮೇಲೆ ಅತಿ ಹತ್ತಿರದ ಗೆರೆ ಎಳೆದು, ದೊಡ್ಡ ಜೆಟ್‌ನ ವೇಗದಿಂದ, ಅಂದರೆ ಗಂಟೆಗೆ 800 ಕಿ.ಮೀ. ಲೆಕ್ಕದಲ್ಲಿ ಭಾಗಿಸಿದ್ದು. ಸಣ್ಣ ನಿಲ್ದಾಣಗಳಿಗೆ ಬರುವುದು ಎಷ್ಟೋ ಸಲ ಎಟಿಆರ್ 72ರಂಥ ಪ್ರೊಪೆಲ್ಲರ್ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಅದೂ ಮೇಲೇರಿ ನೆಟ್ಟಗೆ ಹಾರುವಾಗ ಮಾತ್ರ. ಇಷ್ಟು ಕಡಿಮೆ ದೂರದಲ್ಲಿ ಏರುವುದು, ಇಳಿಯುವುದರಲ್ಲೇ ಬಹಳ ಹೊತ್ತು ಹೋಗುತ್ತದೆ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ನೆಲ ಬಿಡುತ್ತದೆ. ಹೋಗಬೇಕಾದ ಊರು ಬೆನ್ನ ಹಿಂದಿದ್ದರೆ ಸುತ್ತು ಹಾಕಿ ತಿರುಗಬೇಕು.

ಟಿಕೆಟ್‌ನ ಸಮಯ ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ. ಮುಗಿಯುವುದು ಆ ಕಡೆ ಬಂದು ನಿಂತಾಗ. ರನ್‌ವೇ ತುದಿಯಲ್ಲಿ ಸರದಿಗೆ ಕಾಯುವುದೂ ಅದರಲ್ಲೇ ಸೇರಿದೆ. ಕೆಲವು ಕಡೆ ದೂರವನ್ನು ನಾಟಿಕಲ್ ಮೈಲಿಯಲ್ಲಿ ಕೊಡುತ್ತಾರೆ. ಅದು 1.852 ಕಿ.ಮೀ., ರಸ್ತೆಯ ಮೈಲಿಗಿಂತ ಜಾಸ್ತಿ.

ಹೊಸ ವಿಮಾನ ಸಂಚಾರದ ಸುದ್ದಿ ಹಾಕುವಾಗ ಬರೀ ದೂರ ಕೊಡಬೇಡಿ. ಯಾವ ವಿಮಾನ, ಟಿಕೆಟ್‌ನಲ್ಲಿ ಎಷ್ಟು ಸಮಯ ಅನ್ನುವುದನ್ನೂ ಬರೆಯಿರಿ. ಇಳಿದ ಮೇಲೆ ಬಸ್ಸೋ ರೈಲೋ ಹಿಡಿಯುವವರಿಗೆ ಬೇಕಾಗಿರುವುದು ಅದೇ ಅಲ್ವಾ?

– ಒಬ್ಬ ಓದುಗ